ಗಿರಾಕಿ ಮನೆ ಬೀಗದ ಕೈ ನಮ್ಮ ಹತ್ತಿರ ಇರುವಾಗ: ಗಾರ್ಡನ್ ಕೆಲಸದವರಿಗೆ ಪ್ರೈವಸಿ ಪಾಲಿಸಿ

ನಮ್ಮದು ಮೈಸೂರಿನ ಬೋಗಾದಿ ಕಡೆ ಒಂದು ಚಿಕ್ಕ ನರ್ಸರಿ. ಜೊತೆಗೆ ಲಾನ್ ಹಾಕಿಕೊಡುತ್ತೇವೆ, ಡ್ರಿಪ್ ಎಳೆಯುತ್ತೇವೆ, ವರ್ಷದ ಲೆಕ್ಕದಲ್ಲಿ ಗಾರ್ಡನ್ ಮೇಂಟೆನೆನ್ಸ್ ಮಾಡುತ್ತೇವೆ. ಕೆಮ್ಮಣ್ಣು, ಗೊಬ್ಬರ, ಹುಲ್ಲು ಎಲ್ಲ ನಮ್ಮ ಯಜಮಾನರ ಖಾತೆ. ಫೋನು, ಡೈರಿ, ಬಿಲ್ಲು, ಬಾಕಿ ವಸೂಲಿ ನನ್ನ ಖಾತೆ. ಹಾಗಾಗಿ ಗಿರಾಕಿಗಳ ಮಾತು ಏನೇ ಇದ್ದರೂ ಕೊನೆಗೆ ಬಂದು ಸೇರುವುದು ನನ್ನ ಟೇಬಲ್ಲಿಗೆ.

ಪ್ರೈವಸಿ ಪಾಲಿಸಿ (ಗಿರಾಕಿಯ ಮಾಹಿತಿಯನ್ನು ಹೇಗೆ ಬಳಸುತ್ತೇವೆ, ಹೇಗೆ ಕಾಪಾಡುತ್ತೇವೆ ಅನ್ನುವ ಬರಹ) ಅಂದರೆ ನಮ್ಮ ಕಸುಬಿನವರು ನಗುತ್ತಾರೆ. "ನಾವೇನು ಬ್ಯಾಂಕಾ ಮೇಡಂ? ಹುಲ್ಲು ಕತ್ತರಿಸೋರು" ಅಂತ ನಮಗೆ ಹುಲ್ಲಿನ ಹಾಸು ತಂದುಕೊಡುವವರೇ ಒಮ್ಮೆ ಅಂದರು. ಬ್ಯಾಂಕಿಗೆ ಗಿರಾಕಿಯ ದುಡ್ಡು ಎಷ್ಟಿದೆ ಅಂತ ಗೊತ್ತು, ನಿಜ. ಆ ಮನೆಯಲ್ಲಿ ಯಾವ ತಿಂಗಳು ಯಾರೂ ಇರುವುದಿಲ್ಲ, ಹಿಂದಿನ ಗೋಡೆ ಎಷ್ಟು ಎತ್ತರ, ಬೀಗದ ಕೈ ಎಲ್ಲಿ ಇಟ್ಟಿರುತ್ತಾರೆ ಅಂತ ಗೊತ್ತಿರುವುದು ನಮಗೆ. ನಮ್ಮ ಪಾಲಿಸಿ ಶುರುವಾಗಬೇಕಾದ್ದು ಅಲ್ಲಿಂದ.

ಮೊದಲು ಡೈರಿ ತೆಗೆಯಿರಿ

ಒಂದು ಸಂಜೆ ಕೂತು ನಿಮ್ಮ ಡೈರಿ, ವಾಟ್ಸಾಪು, ಫೋನಿನ ಗ್ಯಾಲರಿ ಮೂರನ್ನೂ ತಿರುವಿ ಹಾಕಿ. ಕಂಪ್ಯೂಟರ್ ಇದ್ದರೆ ಅದನ್ನೂ. ಗಿರಾಕಿ ಬಗ್ಗೆ ಏನೇನು ಬರೆದುಕೊಂಡಿದ್ದೀರಿ ಅಂತ ನೋಡಿ. ನಮ್ಮ ಕೆಲಸದಲ್ಲಿ ಒಂದು ಪುಟ ಸಾಮಾನ್ಯವಾಗಿ ಹೀಗಿರುತ್ತದೆ:

"ವಿಜಯನಗರ 2ನೇ ಸ್ಟೇಜ್. ಅಂಕಲ್ ಆಂಟಿ ಇಬ್ಬರೇ. ಮಗ ಅಮೆರಿಕ. ಜನವರಿಯಿಂದ ಮಾರ್ಚ್ ಊರಲ್ಲಿ ಇರಲ್ಲ. ಕೀ ಶೂ ಸ್ಟ್ಯಾಂಡ್ ಕೆಳಗೆ. ನಾಯಿ ಬೊಗಳುತ್ತೆ, ಕಚ್ಚಲ್ಲ. ಹಿಂದಿನ ಕಾಂಪೌಂಡ್ ಗಿಡ್ಡ, ಬೋಗನ್‌ವಿಲ್ಲಾ ಹಬ್ಬಿಸಬೇಕು. ಕ್ಯಾಮೆರಾ ಮುಂದೆ ಮಾತ್ರ, ವೈರ್ ಹುಷಾರು. ಆಂಟಿಗೆ ಉಬ್ಬಸ, ಔಷಧಿ ಹೊಡೆಯುವ ಮುಂಚೆ ಹೇಳಬೇಕು."

ಇದರಲ್ಲಿ ಒಂದು ಸಾಲೂ ಕೆಟ್ಟ ಉದ್ದೇಶದಿಂದ ಬರೆದದ್ದಲ್ಲ. ಪ್ರತಿಯೊಂದೂ ಗಿಡಕ್ಕೋ, ಕೆಲಸದ ಹುಡುಗನಿಗೋ, ಆಂಟಿಗೋ ಒಳ್ಳೆಯದಾಗಲಿ ಅಂತಲೇ ಬರೆದದ್ದು. ಆದರೆ ಈ ಪುಟ ಒಬ್ಬ ಕಳ್ಳನ ಕೈಗೆ ಸಿಕ್ಕರೆ ಅವನು ಇನ್ನೇನೂ ವಿಚಾರಿಸಬೇಕಾಗಿಲ್ಲ.

ನಾನು ಪಾಲಿಸುವ ಪದ್ಧತಿ ಇಷ್ಟೇ: ಮಾಡಬೇಕಾದ ಕೆಲಸ ಬರೆಯುವುದು, ಅದರ ಹಿಂದಿನ ಕಾರಣ ಬರೆಯದಿರುವುದು. ಅದೇ ಪುಟ ಈಗ ಹೀಗಿರುತ್ತದೆ:

"ವಿಜಯನಗರ, ಗಿರಾಕಿ ನಂಬರ್ 31. ಜನವರಿಯಿಂದ ಮಾರ್ಚ್: ವಾರಕ್ಕೆ 2 ಸಲ ನೀರು, ಹೋಗುವ ಮುಂಚೆ ಆಫೀಸಿಗೆ ಫೋನ್. ಹಿಂದೆ ಬೋಗನ್‌ವಿಲ್ಲಾ 4. ಮುಂದಿನ ಗೋಡೆ ಪಕ್ಕ ಹಾರೆ ಹಾಕಬಾರದು. ಬೇವಿನೆಣ್ಣೆ ಮಾತ್ರ, ಬೇರೆ ಔಷಧಿ ಬೇಡ."

ಕೆಲಸಕ್ಕೆ ಬೇಕಾದ್ದೆಲ್ಲ ಇದೆ. ಮನೆ ಖಾಲಿ ಅಂತ ಎಲ್ಲೂ ಇಲ್ಲ. ಉಬ್ಬಸದ ಮಾತೂ ಇಲ್ಲ. ಈ ಕೊನೆಯದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ಔಷಧಿ ಸಿಂಪಡಿಸುವಾಗ ಬಸುರಿ ಇದ್ದಾರೆ, ಹಾರ್ಟ್ ಪೇಷಂಟ್ ಇದ್ದಾರೆ, ಚಿಕ್ಕ ಮಗುವಿಗೆ ಅಲರ್ಜಿ ಅಂತ ಮನೆಯವರು ಹೇಳುತ್ತಾರೆ, ಹೇಳಲೇಬೇಕು. ಕೇಳಿಸಿಕೊಳ್ಳಿ, ಅದಕ್ಕೆ ತಕ್ಕಂತೆ ಔಷಧಿ ಬದಲಾಯಿಸಿ. ಕಾಯಿಲೆಯ ಹೆಸರು ಡೈರಿಗೆ ಯಾಕೆ?

ಅಲಾರಂ ಕೋಡ್, ಗೇಟಿನ ನಂಬರ್ ಲಾಕಿನ ಕೋಡ್ ಮಾತ್ರ ಎಲ್ಲೂ ಬರೆಯಬೇಡಿ, ಕಾಂಟ್ಯಾಕ್ಟಿನಲ್ಲಿ ಹೆಸರಿನ ಪಕ್ಕದಲ್ಲೂ ಬೇಡ. "ವಿವೇಕ್ ಸರ್ ಗೇಟ್ 4 ಸಲ 7" ಅಂತ ಸೇವ್ ಮಾಡಿಕೊಂಡವರನ್ನು ನೋಡಿದ್ದೇನೆ. ಕೋಡ್ ಬೇಕಾದ ದಿನ ಮನೆಯವರಿಗೇ ಫೋನ್ ಮಾಡಿ ಕೇಳಿ. ಅವರಿಗೂ ನಾವು ಬಂದ ವಿಷಯ ತಿಳಿಯುತ್ತದೆ.

ಬೀಗದ ಕೈಗಳ ವಿಷಯ

ಮನೆಯವರು ಊರಿಗೆ ಹೋಗುವಾಗ ಗೇಟಿನ ಕೀ ಕೊಟ್ಟು ಹೋಗುವುದು ಮೈಸೂರಿನಲ್ಲಿ ಮಾಮೂಲು. ಕುವೆಂಪುನಗರ, ಗೋಕುಲಂ, ಯಾದವಗಿರಿ ಕಡೆ ಮಕ್ಕಳೆಲ್ಲ ಹೊರಗಿರುವ ಮನೆಗಳು ಬೇಕಾದಷ್ಟು. ನಂಬಿಕೆ ಇಟ್ಟು ಕೊಡುತ್ತಾರೆ. ನಾವು ಅದಕ್ಕೊಂದು ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ, ಅದರ ಮೇಲೆ ಮಾರ್ಕರಿನಲ್ಲಿ ಹೆಸರು, ಕ್ರಾಸು, ಮನೆ ನಂಬರು ಎಲ್ಲ ಬರೆದು ನರ್ಸರಿಯ ಮೊಳೆಗೆ ನೇತುಹಾಕುತ್ತೇವೆ. ಗಿಡ ಕೊಳ್ಳಲು ಬಂದವರೆಲ್ಲ ಓದಿಕೊಂಡು ಹೋಗಬಹುದು.

ಟ್ಯಾಗಿನ ಮೇಲೆ ಬರೀ ನಂಬರ್ ಇರಲಿ. 31 ಅಂದರೆ ಯಾವ ಮನೆ ಅನ್ನುವುದು ಬೇರೆ ಪುಸ್ತಕದಲ್ಲಿ, ಆ ಪುಸ್ತಕ ಬೇರೆ ಜಾಗದಲ್ಲಿ ಇರಲಿ. ನಮ್ಮಲ್ಲಿ ಕೀಗಳು ನರ್ಸರಿಯ ಕಬ್ಬಿಣದ ಬೀರುವಿನಲ್ಲಿ, ಪುಸ್ತಕ ಮನೆಯಲ್ಲಿ. ಕೀ ಕೊಟ್ಟ ದಿನ, ವಾಪಸ್ ಕೊಟ್ಟ ದಿನ ಎರಡಕ್ಕೂ ಗಿರಾಕಿಯ ಸಹಿ ಹಾಕಿಸಿಕೊಳ್ಳುತ್ತೇನೆ. "ಏನಮ್ಮಾ, ನಿಮ್ಮನ್ನೇ ನಂಬದಿದ್ರೆ ಇನ್ಯಾರನ್ನ ನಂಬೋದು" ಅನ್ನುತ್ತಾರೆ. "ನಂಬಿಕೆ ಇರಲಿ ಆಂಟಿ, ಸಹಿಯೂ ಇರಲಿ" ಅಂತ ಪೆನ್ನು ಕೊಡುತ್ತೇನೆ. ಸಹಿ ಅವರಿಗಿಂತ ಜಾಸ್ತಿ ನಮ್ಮನ್ನು ಕಾಯುತ್ತದೆ. ಆ ರಸ್ತೆಯಲ್ಲಿ ಏನಾದರೂ ಕಳವಾದರೆ ಪೊಲೀಸರು ಮೊದಲು ಕರೆದು ಕೇಳುವುದು ಕೆಲಸದವರನ್ನೇ ಅಲ್ವಾ?

ಕೀ ಜಾಗ ಹುಡುಗರು ಫೋನಿನಲ್ಲಿ ಕೂಗಿ ಹೇಳುವುದನ್ನೂ ನಿಲ್ಲಿಸಬೇಕು. ನಮ್ಮ ಹುಡುಗರು ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರು, ಗಂಟಲು ದೊಡ್ಡದು. ರಸ್ತೆ ಮಧ್ಯೆ ನಿಂತು "ಅಕ್ಕೋ, ಕೀಯ ಶೂ ಸ್ಟ್ಯಾಂಡ್ ಕೆಳಗೇ ಮಡಗವ್ರೆ, ಸಿಕ್ತು ಕಣಕ್ಕ" ಅಂದರೆ ಇಡೀ ಕ್ರಾಸಿಗೆ ಕೇಳುತ್ತದೆ. ಈಗ "31 ಆಯ್ತು ಅಕ್ಕ" ಅಂದರೆ ಸಾಕು.

ಕಾನೂನು ಎಷ್ಟು ತಿಳಿದಿರಬೇಕು

ಜಾಸ್ತಿ ಬೇಡ, ಆದರೆ ಏನೂ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಟದ್ದು 2025ರ ನವೆಂಬರಿನಲ್ಲಿ. ನಮ್ಮಂಥ ವ್ಯಾಪಾರದವರು ಪಾಲಿಸಬೇಕಾದ ಮುಖ್ಯ ಭಾಗಕ್ಕೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತನಕ.

ಹಾಗಂತ ಅಲ್ಲಿಯ ತನಕ ಏನೂ ಇಲ್ಲ ಅಂತಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಿಂದಲೇ ಇದೆ. ಅದರಡಿ 2011ರಲ್ಲಿ ಬಂದ ನಿಯಮಗಳು ಕಂಪನಿಗಳಿಗಷ್ಟೇ ಅಲ್ಲ, ಒಬ್ಬರೇ ಮಾಲೀಕರಾಗಿ ನಡೆಸುವ ವ್ಯಾಪಾರಕ್ಕೂ ಸೇರುತ್ತವೆ. ಆರೋಗ್ಯದ ಮಾಹಿತಿ, ಬ್ಯಾಂಕಿನ ವಿವರ, ಪಾಸ್‌ವರ್ಡ್ ಇವನ್ನು ಅವು ಸೂಕ್ಷ್ಮ ಮಾಹಿತಿ ಅನ್ನುತ್ತವೆ. ಅದೇ ಕಾಯ್ದೆಯ 72ಎ ಕಲಂ ಓದಿಕೊಳ್ಳಿ. ಒಪ್ಪಂದದ ಕೆಲಸಕ್ಕೆ ಅಂತ ಸಿಕ್ಕಿದ ವೈಯಕ್ತಿಕ ಮಾಹಿತಿಯನ್ನು ಲಾಭ ಮಾಡಿಕೊಳ್ಳಲಿಕ್ಕೋ ಅವರಿಗೆ ನಷ್ಟ ಮಾಡಲಿಕ್ಕೋ ಅನುಮತಿ ಇಲ್ಲದೆ ಇನ್ನೊಬ್ಬರಿಗೆ ಕೊಟ್ಟರೆ 3 ವರ್ಷದ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಗಿರಾಕಿಗಳ ನಂಬರ್ ಪಟ್ಟಿ ಮಾರುವವರು ಇದನ್ನು ನೆನಪಿಡಬೇಕು.

ಹೊಸ ಕಾಯ್ದೆಯಲ್ಲಿ ಮಾಹಿತಿ ಭದ್ರವಾಗಿ ಇಟ್ಟುಕೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿ ತನಕ. ನಮ್ಮ ವರ್ಷದ ವಹಿವಾಟು ನೋಡಿಕೊಂಡರೆ ಆ ಅಂಕಿಗೆ ನಗು ಬರುತ್ತೆ. ಅದು ಗರಿಷ್ಠ ಮಿತಿ. ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು, ಸರಿಪಡಿಸಲು ಏನು ಮಾಡಿದರು ಅನ್ನುವುದನ್ನೆಲ್ಲ ನೋಡಿ ಈ ಕಾಯ್ದೆಯಡಿ ದೂರು ವಿಚಾರಿಸುವ ಡೇಟಾ ಪ್ರೊಟೆಕ್ಷನ್ ಬೋರ್ಡ್ ತೀರ್ಮಾನ ಮಾಡುತ್ತದೆ. ಹೆದರಿಕೊಳ್ಳಬೇಡಿ, ಅಸಡ್ಡೆಯೂ ಬೇಡ.

ಇನ್ನೊಂದು ಮಾತು. ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ಕಾಗದದ ಡೈರಿ ಕಾಗದದಲ್ಲೇ ಉಳಿದರೆ ಇದರೊಳಗೆ ಬರುವುದಿಲ್ಲ. ಡೈರಿಯ ಪುಟ ಫೋಟೋ ಹೊಡೆದು ಹುಡುಗರಿಗೆ ವಾಟ್ಸಾಪ್ ಮಾಡಿದಿರೋ, ಬಂತು.

ವಾಟ್ಸಾಪೇ ನಮ್ಮ ಆಫೀಸು

ನಮ್ಮ ಕಸುಬಿನಲ್ಲಿ ಮಾಹಿತಿ ಸೋರುವುದು ಜಾಸ್ತಿ ಇಲ್ಲಿಂದಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಸರಾಕ್ಕೆ ಮುಂಚೆ ಎಲ್ಲರಿಗೂ ಲಾನ್ ಕತ್ತರಿಸಬೇಕು, ಕುಂಡಗಳಿಗೆ ಬಣ್ಣ ಹೊಡೆಯಬೇಕು. ಆಗ ಒಂದು ಸಂದೇಶ ಎಲ್ಲ ಗಿರಾಕಿಗಳಿಗೂ ಹೋಗಬೇಕು. ಸುಮ್ನೆ ಒಂದು ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸಿಬಿಡುವುದು ಸುಲಭ. ಆದರೆ ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರೂ ಎಲ್ಲರಿಗೂ ಕಾಣುತ್ತದೆ. ಒಂಟಿಯಾಗಿರುವ ಟೀಚರ್ ನಂಬರ್ ಗುರುತು ಪರಿಚಯ ಇಲ್ಲದ ಇಷ್ಟೊಂದು ಜನಕ್ಕೆ ಯಾಕೆ ಗೊತ್ತಾಗಬೇಕು? ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಅದರಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಯಾರ ನಂಬರೂ ಯಾರಿಗೂ ಕಾಣುವುದಿಲ್ಲ. ಒಂದೇ ತೊಡಕು: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಮೊದಲ ದಿನವೇ "ನಮ್ಮ ನಂಬರ್ ಸೇವ್ ಮಾಡ್ಕೊಂಡ್ಬಿಡಿ ಸರ್" ಅಂತ ಹೇಳಿಬಿಡಿ. ಆಫರ್ ಸಂದೇಶ ಬೇಡ ಅಂದವರನ್ನು ಅವತ್ತೇ ಲಿಸ್ಟಿನಿಂದ ತೆಗೆಯಿರಿ.

ಕೆಲಸದ ಹುಡುಗರ ಗ್ರೂಪು ಬೇರೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಯಾರು ಯಾವ ಸೈಟಿಗೆ ಅಂತ ಹಾಕುತ್ತೇನೆ. ಆ ಗ್ರೂಪಿನಲ್ಲಿ ಸಂದೇಶ 24 ಗಂಟೆಯಲ್ಲಿ ತಾನೇ ಮಾಯವಾಗುವ ಸೆಟ್ಟಿಂಗ್ ಹಾಕಿದ್ದೇನೆ. ಇವತ್ತಿನ ಲೊಕೇಶನ್ ಇವತ್ತಿಗೆ ಸಾಕು. ಜೊತೆಗೆ ಹುಡುಗರ ಫೋನಿನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿಸಿ. ಇಲ್ಲದಿದ್ದರೆ ಗಿರಾಕಿಯ ಮನೆ ಫೋಟೋ ಅವರ ಗ್ಯಾಲರಿಗೆ ಹೋಗಿ, ಅಲ್ಲಿಂದ ಗೂಗಲ್ ಫೋಟೋಸಿಗೆ ಹೋಗಿ, ಅವರು ಕೆಲಸ ಬಿಟ್ಟು ಎಷ್ಟು ವರ್ಷ ಆದರೂ ಅಲ್ಲೇ ಕೂತಿರುತ್ತದೆ. ಯಾರಾದರೂ ಕೆಲಸ ಬಿಟ್ಟ ದಿನ ಲೆಕ್ಕ ಚುಕ್ತಾ ಮಾಡುವಾಗಲೇ ಗ್ರೂಪಿನಿಂದ ತೆಗೆಯುವುದು, ಅವರ ಹತ್ತಿರ ಇದ್ದ ಕೀ ಎಣಿಸಿಕೊಳ್ಳುವುದು ಎರಡೂ ಆಗಬೇಕು. ಹಬ್ಬದ ಮುಂಗಡದ ಬಗ್ಗೆ ಮಾತುಕತೆ ಜೋರಾಗಿದ್ದರೂ ಇದನ್ನು ಮರೆಯಬಾರದು.

ನಿಮ್ಮ ಸ್ವಂತ ವಾಟ್ಸಾಪಿಗೆ ಟೂ ಸ್ಟೆಪ್ ವೆರಿಫಿಕೇಶನ್ ಪಿನ್ ಹಾಕಿ. ಒಟಿಪಿ ಕೇಳುವ ಫೋನು ಯಾರದ್ದೇ ಬರಲಿ, ಕೊಡಬೇಡಿ. ನಿಮ್ಮ ನಂಬರ್ ಬೇರೆಯವರ ಕೈಗೆ ಹೋದರೆ ನಿಮ್ಮ ಹೆಸರಿನಲ್ಲಿ ಗಿರಾಕಿಗಳಿಗೆ "ಅರ್ಜೆಂಟ್ ಇದೆ, 10 ಸಾವಿರ ಹಾಕಿ" ಅಂತ ಹೋಗುತ್ತದೆ. ನಂಬಿ ಹಾಕುವವರು ನಮ್ಮ ವಯಸ್ಸಾದ ಗಿರಾಕಿಗಳೇ.

ಮತ್ತೆ ಜೆರಾಕ್ಸ್ ಅಂಗಡಿ. ಬಿಲ್ಲು, ಪ್ಲಾನು ಎಲ್ಲ ಅವರ ನಂಬರಿಗೆ ಕಳಿಸಿ ಪ್ರಿಂಟ್ ತೆಗೆಸುವುದು ನಮ್ಮೆಲ್ಲರ ಅಭ್ಯಾಸ. ಅಲ್ಲಿನ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ಒಮ್ಮೆ ಇಣುಕಿ ನೋಡಿ, ಅರ್ಧ ಬಡಾವಣೆಯ ಆಧಾರ್ ಅಲ್ಲೇ ಇರುತ್ತದೆ. ಪ್ರಿಂಟ್ ಆದ ಮೇಲೆ ಎದುರಿಗೇ ನಿಂತು "ಅಣ್ಣಾ, ಅದನ್ನ ಡಿಲೀಟ್ ಮಾಡ್ಬಿಡಿ" ಅನ್ನಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸಾಪ್ ವೆಬ್ ತೆರೆದಿದ್ದರೆ ಲಾಗೌಟ್ ಮಾಡಿ ಹೊರಡಿ. ನಿಮ್ಮ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅಂತ ತೋರಿಸುವ ಲಿಂಕ್ಡ್ ಡಿವೈಸ್ ಪಟ್ಟಿ ಆಗಾಗ ನೋಡುತ್ತಿರಿ.

ಫೋಟೋ, ರೀಲ್ಸು

ಮೊದಲು ಹೀಗಿತ್ತು, ಆಮೇಲೆ ಹೀಗಾಯ್ತು ಅನ್ನುವ ಫೋಟೋ ಇಲ್ಲದೆ ಇವತ್ತು ನಮಗೆ ಹೊಸ ಕೆಲಸ ಸಿಗುವುದಿಲ್ಲ. ಹಾಗಾಗಿ ಫೋಟೋ ಬೇಡ ಅಂತ ನಾನು ಹೇಳುವುದಿಲ್ಲ. ಕೇಳಿ ತೆಗೆಯಿರಿ, ಯಾಕೆ ಅಂತ ಹೇಳಿ ಕೇಳಿ.

ನಮ್ಮ ಗಿರಾಕಿಯೊಬ್ಬರು ದಸರಾ ಸಮಯದ ತೋಟದ ಸ್ಪರ್ಧೆಗೆ ಅಂತ ಫೋಟೋ ತೆಗೆಯಲು ಸಂತೋಷವಾಗಿ ಒಪ್ಪಿದರು. ಅದೇ ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಲಾ ಮೇಡಂ ಅಂದರೆ, "ಅಯ್ಯೋ ಬೇಡಮ್ಮ, ನಮ್ಮ ಅಣ್ಣತಮ್ಮಂದಿರ ಕೇಸು ನಡೀತಿದೆ, ಸುಮ್ನೆ ಎಲ್ಲರ ಕಣ್ಣಿಗೆ ಯಾಕೆ" ಅಂದರು. ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಅನ್ನುವುದೇ ಕಾಯ್ದೆಯ ತಿರುಳು ಕೂಡ. ನಮ್ಮ ಅಂದಾಜು ಪಟ್ಟಿಯ ಕೆಳಗೆ ಎರಡು ಬೇರೆ ಬೇರೆ ಚೌಕ ಇದೆ: ಕೆಲಸದ ದಾಖಲೆಗೆ ಫೋಟೋ, ಪ್ರಚಾರಕ್ಕೆ ಫೋಟೋ. ಎರಡನೆಯದಕ್ಕೆ ನಾವೇ ಮೊದಲೇ ಟಿಕ್ ಹಾಕಿ ಕೊಡುವುದಿಲ್ಲ. ಟಿಕ್ ಹಾಕದಿದ್ದರೆ ರೇಟು ಏನೂ ಬದಲಾಗುವುದಿಲ್ಲ.

ಒಪ್ಪಿಗೆ ಇದ್ದರೂ ಹಾಕುವ ಮುಂಚೆ ಫೋಟೋವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ನೇಮ್ ಬೋರ್ಡು, ಮನೆ ನಂಬರು, ಕಾರಿನ ನಂಬರ್ ಪ್ಲೇಟು, ಕ್ಯಾಮೆರಾ ಇರುವ ಜಾಗ, ಒಣಗಿಹಾಕಿದ ಬಟ್ಟೆ, ಆಡುತ್ತಿರುವ ಮಗು. 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ನಾನಂತೂ ಮಕ್ಕಳಿರುವ ಫೋಟೋ ಹಾಕುವುದೇ ಇಲ್ಲ, ಚೆನ್ನಾಗಿ ಬಂದಿದ್ದರೂ. ಗೇಟಿನಿಂದ ಹಿತ್ತಲ ತನಕ ನಡೆದುಕೊಂಡು ಹೋಗುವ ವಿಡಿಯೋ ಬೇಡವೇ ಬೇಡ. ಅದು ಗಾರ್ಡನ್ನಿಗಿಂತ ಮನೆಗೆ ನುಗ್ಗುವ ದಾರಿ ತೋರಿಸುತ್ತದೆ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ, ಪೋಸ್ಟಿನಲ್ಲಿ ಬರೀ "ಮೈಸೂರು" ಅಂತ ಹಾಕಿದರೆ ಸಾಕು. ದೊಡ್ಡ ತೋಟದ ಕೆಲಸಕ್ಕೆ ಡ್ರೋನ್ ಕರೆಸುವವರು ಪಕ್ಕದ ಮನೆಯ ಹಿತ್ತಲನ್ನು ಫ್ರೇಮಿನಿಂದ ಹೊರಗೆ ಇಡಿಸಿ. ಪಕ್ಕದವರು ನಮ್ಮ ಗಿರಾಕಿ ಅಲ್ಲ, ಅವರು ನಮಗೇನೂ ಒಪ್ಪಿಗೆ ಕೊಟ್ಟಿಲ್ಲ.

ಈಗ ಪಾಲಿಸಿ ಬರೆಯಿರಿ

ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಪಾಲಿಸಿ ಬೇಡ. ಅದರಲ್ಲಿ ಕುಕೀಸ್, ಸರ್ವರ್, ಅಂಗಸಂಸ್ಥೆ ಅಂತೆಲ್ಲ ಇರುತ್ತದೆ. ವೆಬ್‌ಸೈಟೇ ಇಲ್ಲದ ನರ್ಸರಿಗೆ ಅದು ಯಾಕೆ? ಬರೆದದ್ದನ್ನು ಪಾಲಿಸದಿದ್ದರೆ ಬರೆಯದಿರುವುದಕ್ಕಿಂತ ಕಷ್ಟ. ಕಾಯ್ದೆಯ ಪ್ರಕಾರ ಈ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಗಿರಾಕಿಗೆ ಇರಬೇಕು. ಕನ್ನಡ ಅದರಲ್ಲಿದೆ. ನಮ್ಮದು ಒಂದು ಕಡೆ ಕನ್ನಡ, ಹಿಂದುಗಡೆ ಇಂಗ್ಲಿಷು, ಒಂದೇ ಹಾಳೆ, ಅಂದಾಜು ಪಟ್ಟಿಗೆ ಪಿನ್ ಮಾಡಿ ಕೊಡುತ್ತೇವೆ. ಬೇಕಾದವರು ಇದನ್ನೇ ತಿದ್ದಿಕೊಂಡು ಬಳಸಿ:

"ನಾವು ನಿಮ್ಮಿಂದ ಪಡೆಯುವುದು ಹೆಸರು, ಫೋನ್ ನಂಬರ್, ವಿಳಾಸ, ಗಾರ್ಡನ್ ಜಾಗದ ಅಳತೆ ಮತ್ತು ಫೋಟೋ. ನಿಮ್ಮ ಬಿಲ್ಲಿಗೆ ಬೇಕಿದ್ದರೆ ಜಿಎಸ್‌ಟಿ ನಂಬರ್. ಆಧಾರ್, ಪ್ಯಾನ್, ಹುಟ್ಟಿದ ದಿನ ಕೇಳುವುದಿಲ್ಲ.

ಇವನ್ನು ಬಳಸುವುದು ಅಂದಾಜು ಪಟ್ಟಿ ಕೊಡಲು, ಕೆಲಸದವರನ್ನು ಕಳಿಸಲು, ಬಿಲ್ ಮಾಡಲು, ಗೊಬ್ಬರ ಔಷಧಿಯ ದಿನ ನೆನಪಿಸಲು ಮಾತ್ರ. ಪ್ರಚಾರದ ಸಂದೇಶ ಮತ್ತು ಫೋಟೋಗೆ ನಿಮ್ಮ ಒಪ್ಪಿಗೆ ಬೇರೆಯಾಗಿ ಕೇಳುತ್ತೇವೆ.

ನಿಮ್ಮ ವಿಳಾಸ ಆ ದಿನ ಬರುವ ಕೆಲಸದವರಿಗೆ, ಹುಲ್ಲು ಮಣ್ಣು ತರುವ ಗಾಡಿಯವರಿಗೆ, ಬಿಲ್ಲಿನ ವಿವರ ನಮ್ಮ ಲೆಕ್ಕಪತ್ರ ನೋಡುವವರಿಗೆ ತಿಳಿಯುತ್ತದೆ. ಬೇರೆ ಯಾರಿಗೂ ಕೊಡುವುದಿಲ್ಲ, ಮಾರುವುದಿಲ್ಲ. ಕಾನೂನು ಪ್ರಕಾರ ಸರ್ಕಾರ ಕೇಳಿದರೆ ಕೊಡಬೇಕಾಗುತ್ತದೆ.

ನೀವು ಕೊಟ್ಟ ಬೀಗದ ಕೈ ನಂಬರ್ ಹಾಕಿ ಬೀರುವಿನಲ್ಲಿ ಇಡುತ್ತೇವೆ. ನೀವು ಊರಿನಲ್ಲಿ ಇಲ್ಲದ ದಿನಗಳ ವಿಷಯ ಕೆಲಸದವರ ಗ್ರೂಪಿನಲ್ಲಿ ಹಾಕುವುದಿಲ್ಲ.

ನಿಮ್ಮ ಬಗ್ಗೆ ನಮ್ಮಲ್ಲಿ ಏನಿದೆ ಅಂತ ಕೇಳಬಹುದು, ತಿದ್ದಿಸಬಹುದು, ಅಳಿಸಲು ಹೇಳಬಹುದು, ಒಪ್ಪಿಗೆ ವಾಪಸ್ ಪಡೆಯಬಹುದು. ಈ ನಂಬರಿಗೆ ಒಂದು ವಾಟ್ಸಾಪ್ ಸಂದೇಶ ಸಾಕು. ನಮ್ಮ ಉತ್ತರ ಸಮಾಧಾನ ತರದಿದ್ದರೆ ಡೇಟಾ ಪ್ರೊಟೆಕ್ಷನ್ ಬೋರ್ಡಿಗೆ ದೂರು ಕೊಡಬಹುದು."

ಕೆಳಗೆ ಒಬ್ಬರ ಹೆಸರು, ಒಂದು ನಂಬರ್. ನಮ್ಮಲ್ಲಿ ಅದು ನಾನೇ. ದೂರಿಗೆ ಉತ್ತರ ಕೊಡಲು ನಿಯಮಗಳಲ್ಲಿ 90 ದಿನದ ಗರಿಷ್ಠ ಮಿತಿ ಇದೆ. ಗಿಡ ಮಾರುವವರಿಗೆ ಒಂದು ವಾರ ಸಾಕು.

ನಂಬರ್ ಕೇಳುವವರು

ಪಾಲಿಸಿ ಪರೀಕ್ಷೆಗೆ ಒಳಗಾಗುವುದು ಕಂಪ್ಯೂಟರಿನಲ್ಲಿ ಅಲ್ಲ, ಗೇಟಿನ ಮುಂದೆ. ಸೈಟು ಕೊಡಿಸುವ ಬ್ರೋಕರ್ ಬಂದು, "ಅಮ್ಮಾ, ಆ ಕಾರ್ನರ್ ಮನೆಯವರು ಮಾರ್ತಾರಂತೆ ಹೌದಾ? ನಂಬರ್ ಇದ್ರೆ ಕೊಡಿ" ಅನ್ನುತ್ತಾರೆ. ಸೋಲಾರ್ ಹಾಕುವವರು ಕೇಳುತ್ತಾರೆ. ಪಕ್ಕದ ಮನೆಯವರು "ಅವರು ಯಾವಾಗ ಬರ್ತಾರೆ" ಅನ್ನುತ್ತಾರೆ. ಇವರಲ್ಲಿ ಎಲ್ಲರೂ ಕೆಟ್ಟವರಲ್ಲ. ಮುಖದ ಮೇಲೆ ಇಲ್ಲ ಅನ್ನುವುದು ಮೈಸೂರಿನವರಿಗೆ ಕಷ್ಟ ಬೇರೆ. ನಾನು ಉಲ್ಟಾ ಮಾಡುತ್ತೇನೆ: "ನಿಮ್ಮ ನಂಬರ್ ಕೊಡಿ ಸರ್, ಅವರಿಗೆ ಕಳಿಸ್ತೀನಿ. ಬೇಕಿದ್ರೆ ಅವರೇ ಮಾಡ್ತಾರೆ." ಯಾರಿಗೂ ಬೇಜಾರಾಗುವುದಿಲ್ಲ. ಹುಡುಗರಿಗೂ ಇದೊಂದು ಸಾಲು ಬಾಯಿಪಾಠ ಮಾಡಿಸಿದ್ದೇನೆ: "ನಂಗೊತ್ತಿಲ್ಲ ಸಾ, ನಮ್ಮಕ್ಕನ್ನ ಕೇಳಿ."

ಹೊಸ ಗಿರಾಕಿಗಳು ನೀವು ಮಾಡಿದ ಕೆಲಸ ತೋರಿಸಿ ಅಂತ ಕೇಳುವುದೂ ಸಹಜ. ಅದಕ್ಕೆ ಅಂತ ಮೊದಲೇ ಒಪ್ಪಿರುವ ಕೆಲವು ಮನೆಗಳನ್ನು ಇಟ್ಟುಕೊಳ್ಳಿ. ಪ್ರತಿ ಸಲ ಹೋಗುವ ಮುಂಚೆ ಫೋನ್ ಮಾಡಿ ಕೇಳಿ.

ಕೆಲಸದವರ ಮಾಹಿತಿಯೂ ಮಾಹಿತಿಯೇ

ಗೇಟೆಡ್ ಲೇಔಟುಗಳಲ್ಲಿ ಸೆಕ್ಯುರಿಟಿಯವರು ನಮ್ಮ ಹುಡುಗರ ಆಧಾರ್ ಪ್ರತಿ ಕೇಳುತ್ತಾರೆ. ಆ ಜೆರಾಕ್ಸುಗಳು ಆಮೇಲೆ ಎಲ್ಲಿಗೆ ಹೋಗುತ್ತವೋ ದೇವರಿಗೇ ಗೊತ್ತು. ಆಧಾರ್ ವೆಬ್‌ಸೈಟಿನಲ್ಲೇ ಮಾಸ್ಕ್ ಮಾಡಿದ ಆಧಾರ್ ಸಿಗುತ್ತದೆ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಅದನ್ನು ಕೊಡಿ. ಪ್ರತಿಯ ಮೇಲೆ ಅಡ್ಡವಾಗಿ ಲೇಔಟಿನ ಹೆಸರು, ತಾರೀಕು ಬರೆಯಿರಿ. ಗಿರಾಕಿಯ ಗುಟ್ಟು ಕಾಪಾಡು ಅಂತ ಹುಡುಗನಿಗೆ ಹೇಳುವ ನಾವು ಅವನ ಆಧಾರನ್ನು ಟಾಟಾ ಏಸಿನ ಡ್ಯಾಶ್‌ಬೋರ್ಡಿನಲ್ಲಿ ಬಿಸಾಕಿದರೆ ಅವನು ಯಾಕೆ ಕೇಳುತ್ತಾನೆ?

ಫೋನು ಕಳೆದರೆ

ಸೈಟಿನಲ್ಲಿ ಮಣ್ಣಿನ ರಾಶಿ ಮೇಲೆ ಇಟ್ಟ ಫೋನು ಕಾಣೆಯಾಗುವುದು ನಮ್ಮ ಕಸುಬಿನಲ್ಲಿ ಆಗುವಂಥದ್ದೇ. ಆಗ ಮಾಡಬೇಕಾದ್ದು ಬೇಗ ಬೇಗ: ಸಿಮ್ ಬ್ಲಾಕ್ ಮಾಡಿಸಿ, ಪೊಲೀಸರಿಗೆ ದೂರು ಕೊಡಿ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ನಂಬರ್) ಹಾಕಿ ಫೋನು ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಅದೇ ನಂಬರಿನ ಹೊಸ ಸಿಮ್ ಹಾಕಿ ವಾಟ್ಸಾಪ್ ತೆರೆದರೆ ಹಳೆ ಫೋನಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಐಎಂಇಐ ನಂಬರನ್ನು ಇವತ್ತೇ ಡೈರಿಯಲ್ಲಿ ಬರೆದಿಡಿ, ಕಳೆದ ಮೇಲೆ ಹುಡುಕುವುದು ಕಷ್ಟ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಬರುತ್ತದೆ.

ಆಮೇಲೆ ಗಿರಾಕಿಗಳಿಗೆ ಹೇಳಬೇಕು. ಇದೇ ಎಲ್ಲರೂ ಹಿಂದೇಟು ಹಾಕುವ ಜಾಗ. ಹೊಸ ನಿಯಮಗಳಲ್ಲಿ ಮಾಹಿತಿ ಸೋರಿದರೆ ಆ ಗಿರಾಕಿಗಳಿಗೆ ತಡ ಮಾಡದೆ ತಿಳಿಸಬೇಕು, ಬೋರ್ಡಿಗೂ ಕೂಡಲೇ ತಿಳಿಸಿ 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ಸಂದೇಶ ಸರಳವಾಗಿರಲಿ: "ನಮ್ಮ ಫೋನು ಇವತ್ತು ಬೆಳಿಗ್ಗೆ ಕಳೆದಿದೆ. ಅದರಲ್ಲಿ ನಿಮ್ಮ ನಂಬರ್, ವಿಳಾಸ, ಗಾರ್ಡನ್ ಫೋಟೋ ಇತ್ತು. ನಮ್ಮ ಹೆಸರಿನಲ್ಲಿ ದುಡ್ಡು ಕೇಳಿದರೆ ಹಾಕಬೇಡಿ." ಊರಿನಲ್ಲಿ ಇಲ್ಲದವರಿಗೆ ಮಾತ್ರ ಸಂದೇಶ ಸಾಲದು, ಫೋನ್ ಮಾಡಿ. ಕೀ ಜಾಗ ಬದಲಾಯಿಸಿ.

ಎಷ್ಟು ದಿನ ಇಡುವುದು

ಬಿಲ್ಲು, ಲೆಕ್ಕಪತ್ರ ಬೇಗ ಎಸೆಯುವ ಹಾಗಿಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಇಡಬೇಕು. ಮಿಕ್ಕ ಡಿಜಿಟಲ್ ಮಾಹಿತಿಗೆ ಹೊಸ ನಿಯಮದಲ್ಲಿ ಕನಿಷ್ಠ ಒಂದು ವರ್ಷ ಇಡಬೇಕು ಅನ್ನುವ ಮಾತೂ ಇದೆ. ಹಾಗಾಗಿ ನಮ್ಮಲ್ಲಿ ಮೇಂಟೆನೆನ್ಸ್ ನಿಂತು ಒಂದು ವರ್ಷ ಕಳೆದವರ ನಂಬರು, ಫೋಟೋ, ಲೊಕೇಶನ್ ಯುಗಾದಿ ಮುಂಚಿನ ಶುಚಿ ಕೆಲಸದಲ್ಲಿ ಹೋಗುತ್ತವೆ. ಡೈರಿಯ ಹಳೆ ಪುಟಗಳನ್ನು ಚೂರು ಮಾಡಿ ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಎರೆಹುಳಕ್ಕೆ ಕಾಗದ ಇಷ್ಟ.

ಡ್ರಿಪ್ ಲೈನಿನ ನಕ್ಷೆ ಮಾತ್ರ ಉಳಿಸಿಕೊಳ್ಳುತ್ತೇನೆ. ಮನೆ ಮಾರಿಹೋದ ಮೇಲೆ ಹೊಸ ಮಾಲೀಕರು ಬಂದು, ಪೈಪು ಎಲ್ಲೆಲ್ಲಿ ಹೂತಿದೆ ಅಂತ ಕೇಳುವುದು ಉಂಟು. ನಕ್ಷೆಯ ಮೂಲೆಯಲ್ಲಿರುವ ಹಳಬರ ಹೆಸರು, ನಂಬರು ಮುಚ್ಚಿ ಜೆರಾಕ್ಸ್ ತೆಗೆಸಿ ಕೊಡಿ. ಹಳಬರು ಈಗ ಎಲ್ಲಿದ್ದಾರೆ ಅಂತ ಕೇಳಿದರೆ, ಹೊಸಬರ ನಂಬರ್ ತೆಗೆದುಕೊಂಡು ಹಳಬರಿಗೆ ಕಳಿಸಿ.